ಗುಡ್ಡದ ಬಂಗ್ಲೆಯ ನೀಲಿ ತುಣುಕು

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಂಗಡಿಯೊಳಗಿಂದ ಪುಂಡಿ ನಾರಿನ ಹೊಸ ಹಗ್ಗದ ವಾಸನೆ ಬಂತು. ಹಸಿ, ಒಗರು, ತುಸು ಹುಳಿ. ಅದರ ಬೆನ್ನಿಗೇ ಆಯಿಯ ನೆನಪು. ಆಯಿಯ ಮೈಗೆ ಈ ವಾಸನೆ ಇತ್ತೆ? ಇರಲಾರದು. ಹಗ್ಗ ಅವಳ ಕಥೆಯಲ್ಲಿತ್ತು. ವಾಸನೆಯನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು...

ವಿದ್ಯಾಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಮುದುಕಿ ಅವಳು, ಓಣಿಗೆಲ್ಲ ಆಯಿ. ಬೆಳೆದದ್ದು ಬಾದಾಮಿ ಕಡೆಯ ಗುಡ್ಡದ ಮೇಲಿನ ಹಳೆಯ ಕ್ಯಾಂಪ್ ಬಂಗ್ಲೆಯ ಹಿತ್ತಲಲ್ಲಿ. ಕಲಾದಗಿಯ ಬಿಸಿಲು ತಾಳದ ಸಾಹೇಬರು ಅದನ್ನು ಕಟ್ಟಿಸಿದ್ದರಂತೆ. ಗುಡ್ಡದ ಕೆಂಪು ಕಲ್ಲನ್ನು ಅಲ್ಲೇ ಕಡಿದು ಅಲ್ಲೇ ಏರಿಸಿದ್ದರು. ಮುಂದೆ ಕಮಾನಿನ ವರಾಂಡ, ಒಳಗೆ ದಪ್ಪ ಗೋಡೆಗಳ ನಡುವೆ ಎತ್ತರದ ಹೆಂಚಿನ ಕೋಣೆ, ಅದರ ಸೂರಿಗೆ ಬಟ್ಟೆಯ ಪಂಖ. ಪಂಖದ ಹಗ್ಗ ಹಿಂಗೋಡೆಯ ಕಿಂಡಿಯಿಂದ ಹೊರಬಂದು ಆಯಿಯ ಅಪ್ಪನ ಕೈ ಸೇರುತ್ತಿತ್ತು. ಅವನು ಎಳೆಯುತ್ತ ಕೂತರೆ ಒಳಗೆ ಸಾಹೇಬನಿಗೆ ನಿದ್ದೆ.

ಮಕ್ಕಳು ಮುಂಬಾಗಿಲ ಕಡೆ ಸುಳಿಯುವಂತಿರಲಿಲ್ಲ. ಆಯಿ ಮತ್ತು ಅವಳ ತಮ್ಮ ಸರದಿಯಂತೆ ಅಪ್ಪನ ಹೆಗಲೇರಿ ಕಿಂಡಿಗೆ ಕಣ್ಣಿಡುತ್ತಿದ್ದರು. ಮಂಚದ ಒಂದು ಕಾಲು, ಸೊಳ್ಳೆ ಪರದೆಯ ಅಂಚು, ಎದುರು ಗೋಡೆಯಲ್ಲಿ ಒಂದು ನೀಲಿ ತುಣುಕು. ಅದು ಕಿಟಕಿ ಎಂದು ಆಯಿ. ಸಾಹೇಬ ತೂಗುಹಾಕಿದ ಸಮುದ್ರದ ಚಿತ್ರ ಎಂದು ತಮ್ಮ. ಇಬ್ಬರಿಗೂ ಮೊಮ್ಮಕ್ಕಳಾದರೂ ಆ ಜಗಳ ಮುಗಿದಿರಲಿಲ್ಲ.

ತಮ್ಮ ಇಳಕಲ್ಲಿನಲ್ಲಿ ಹಾಸಿಗೆ ಹಿಡಿದಾಗ ಆಯಿ ನಮ್ಮ ಕಟ್ಟೆಗೆ ಬಂದು ಕೂತಳು. ನಾನು ಎಂ.ಎ. ಮುಗಿಸಿ ಮನೆಯಲ್ಲಿದ್ದೆ.

"ಬಂಗ್ಲೆ ತನಕ ಕರ್ಕೊಂಡ ಹೋಗವಾ. ಅವ ಹೋಗೂದ್ರೊಳಗ ಯಾವುದ ಖರೆ ಅಂತ ಹೇಳಬೇಕು. ಇಲ್ಲಾಂದ್ರ ಮ್ಯಾಲ ಹೋಗಿನೂ ಜಗಳಕ್ಕ ನನ್ನ ಕಾಯ್ಕೋತ ಕುಂದರತಾನ."

ಹೋದೆವು. ಬಿಸಿಲು ಕಲ್ಲಿನೊಳಗಿಂದಲೇ ಹೊಮ್ಮುತ್ತಿತ್ತು; ಇಡೀ ಗುಡ್ಡ ನಿದ್ದೆಯಲ್ಲಿ ಉಸಿರಾಡುತ್ತಿದೆ ಅನ್ನಿಸಿತ್ತು, ಅಥವಾ ಈಗ ಅನ್ನಿಸುತ್ತಿದೆ. ಕಮಾನುಗಳು ನಿಂತಿದ್ದವು. ಹೆಂಚೆಲ್ಲ ಉದುರಿ, ಕೋಣೆಯ ಎದುರು ಗೋಡೆ ಪೂರ್ತಿ ಬಿದ್ದುಹೋಗಿತ್ತು. ಹಿಂಗೋಡೆ ಮಾತ್ರ ಇತ್ತು, ಕಿಂಡಿಯೂ ಇತ್ತು. ಹಗ್ಗ ಉಜ್ಜಿ ಉಜ್ಜಿ ಅದರ ಅಂಚು ನುಣುಪಾಗಿತ್ತು. ಆಯಿ ಬಿದ್ದ ಕಲ್ಲುಗಳ ಮೇಲೆ ನಿಂತು ಕಣ್ಣಿಟ್ಟಳು.

"ಏನ್ ಕಾಣತೈತಿ ಆಯಿ?"

"ಎಲ್ಲಾ ನೀಲಿನ ಐತಿ."

ಮರುದಿನ ಇಳಕಲ್ಲಿನಲ್ಲಿ ತಮ್ಮನ ಹಾಸಿಗೆಯ ಅಂಚಿಗೆ ಕೂತು, ನನ್ನತ್ತ ನೋಡದೆ ಹೇಳಿದಳು: "ನೀ ಗೆದ್ದಿ ಬಿಡಲೇ. ಚಿತ್ರನ ಅದು. ಗೋಡಿಗೆ ಮೊಳಿ ಇನ್ನೂ ಐತಿ, ನೋಡಿ ಬಂದೇನಿ."

ಗೋಡೆಯೇ ಇರಲಿಲ್ಲ.

ತಮ್ಮ ಅವಳತ್ತ ಹೊರಳಿದ. "ಇಲ್ಲಕ್ಕಾ. ಕಿಟಕಿನ ಅದು. ಒಂದ ಹಕ್ಕಿ ಈ ಕಡಿಂದ ಆ ಕಡಿ ಹಾರಿತ್ತು. ಅವತ್ತ ಕಂಡಿದ್ದೆ, ಹೇಳಿದ್ದಿಲ್ಲ. ನಿನಗ ಸೋಲಾಕ ಮನಸ ಬರಲಿಲ್ಲ."

"ಹಕ್ಕಿ ಅಂತ, ಹಕ್ಕಿ. ಜ್ವರ ತಲಿಗೇರೇತಿ ನಿನಗ. ಮೊಳಿ ನೋಡೇನಿ ಅನ್ನಾಕತ್ತೇನಿ."

"ತುಕ್ಕ ಹಿಡದ ಮೊಳಿ ನಂಬತಿ, ತಮ್ಮನ ಮಾತ ನಂಬೂದಿಲ್ಲ."

ಅವನ ಸೊಸೆ ತಂದಿಟ್ಟ ಚಹಾ ಆರಿಹೋಯಿತು. ಇಬ್ಬರೂ ಪಕ್ಷ ಬದಲಿಸಿ ಅದೇ ಹಟದಿಂದ ಜಗಳ ಹೊಸದಾಗಿ ಹೂಡಿದ್ದರು. ಆ ಹಕ್ಕಿಯೂ ಮೊಳೆಯಂಥದ್ದೇ ಇದ್ದೀತು... ನಾವು ಹೊರಡುವಾಗ ತಮ್ಮ ದಿಂಬಿಗೆ ಒರಗಿ ಎದ್ದು ಕೂತಿದ್ದ.

ಆ ಬೇಸಿಗೆ ದಾಟುವುದರೊಳಗೆ ಅವನು ಹೋದ. ಆಯಿ ಹೋಗಿಯೂ ವರ್ಷಗಳಾದವು. ಕಮಾನುಗಳೂ ಈಗ ಇಲ್ಲವೆಂದು ಆ ಕಡೆ ಕುರಿ ಮೇಯಿಸುವವರು ಹೇಳಿದರು. ಕಟ್ಟಡದ ನಕ್ಷೆ ಎಲ್ಲಾದರೂ ಉಳಿದಿರಬಹುದು. ಎದುರು ಗೋಡೆಗೆ ಕಿಟಕಿ ಇತ್ತೇ ಎಂದು ಅದರ ಒಂದು ಗೆರೆ ಹೇಳಿಬಿಡಬಹುದು. ನಾನು ಹುಡುಕಿಲ್ಲ. ಇದನ್ನು ಬರೆಯುತ್ತ ಬೇರೊಂದು ಅನುಮಾನ ಶುರುವಾಗಿದೆ: ಮೊದಲು ಕಿಟಕಿ ಅಂದವಳು ಆಯಿಯೇ ಹೌದೆ, ಅಥವಾ... ತಪ್ಪು ಬರೆದಿದ್ದರೆ ಬೈದು ತಿದ್ದುವವರು ಇಬ್ಬರೂ ಇಲ್ಲ.