ಹುಳುವಿನ ಮನೆಯಿಂದ ಹೆರಿಗೆ ವಾರ್ಡಿಗೆ

೧೯೮೩ರ ಬೇಸಿಗೆ. ಶ್ರೀನಿವಾಸಪುರ, ಮುಳಬಾಗಿಲು ಭಾಗದ ಸರ್ಕಾರಿ ಕಟ್ಟಡಗಳ ವಿದ್ಯುತ್ ಉಸ್ತುವಾರಿಗೆ ನಾನು ಸಹಾಯಕ ಎಂಜಿನಿಯರ್ ಆಗಿ ಬಂದು ಎರಡನೇ ವರ್ಷ. ಜಲಾಶಯಗಳಲ್ಲಿ ನೀರು ತಗ್ಗಿತ್ತು. ಪ್ರತಿ ಕಟ್ಟಡವೂ ವಿದ್ಯುತ್ ಬಳಕೆಯನ್ನು ಮೂರರಲ್ಲಿ ಒಂದು ಭಾಗ ಇಳಿಸಬೇಕೆಂದು ಮೇಲಿನಿಂದ ಆದೇಶ ಬಂತು. ಇಂಗಾಲ, ಭೂಮಿಯ ತಾಪ ಎಂಬ ಮಾತುಗಳು ಆಗಿನ್ನೂ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಉಳಿತಾಯವೆಂದರೆ ಸ್ವಿಚ್ ಆರಿಸುವುದು, ಅಷ್ಟೇ ನನಗೆ ಗೊತ್ತಿದ್ದದ್ದು. ಆ ಕೆಲಸದಲ್ಲಿ ಮಾತ್ರ ನಾನು ಮಹಾಶೂರ.

ಕಚೇರಿಗಳಲ್ಲಿ ಗುಮಾಸ್ತರು ಗೊಣಗಿಕೊಂಡು ಸುಮ್ಮನಾದರು. ನಾನು ಸಿಕ್ಕಿಬಿದ್ದದ್ದು ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಹೊಸ ಕಾಂಕ್ರೀಟ್ ತಾರಸಿ, ಹತ್ತು ಹಾಸಿಗೆ, ಆರು ಫ್ಯಾನು. ಕಾಂಕ್ರೀಟು ಬೆಳಗಿನಿಂದ ಬಿಸಿಲು ಕುಡಿದು ಮಧ್ಯಾಹ್ನ ಅದನ್ನು ಒಳಗೆ ಬಿಡುತ್ತದೆ. ನಾವು ಇದನ್ನು ಹೀಟ್ ಗೇನ್ ಎನ್ನುತ್ತೇವೆ. ಹನ್ನೆರಡರಿಂದ ನಾಲ್ಕರವರೆಗೆ ಫ್ಯಾನು ಬಂದ್ ಎಂದು ನಾನು ಹೇಳಿದಾಗ ಡಾಕ್ಟರಮ್ಮ ನನ್ನನ್ನು ಒಂದು ಹಾಸಿಗೆಯ ಬಳಿಗೆ ಕರೆದೊಯ್ದರು. ದಿನ ತುಂಬುವ ಮೊದಲೇ ಹುಟ್ಟಿದ ಎಂಟು ದಿನದ ಹೆಣ್ಣುಮಗು. ಪ್ರತಿ ಮಧ್ಯಾಹ್ನ ಸೆಕೆಗೆ ಅದರ ಮೈ ಕಾದು, ಹಾಲು ಕುಡಿಯುವುದನ್ನೇ ಬಿಡುತ್ತಿತ್ತು.

"ಫ್ಯಾನ್ ನಿಲ್ಲಿಸಿ, ಈ ಮಗೂದು ನನ್ನ ಜವಾಬ್ದಾರಿ ಅಂತ ಬರ್ಕೊಡಿ," ಎಂದರು.

ಬರೆದುಕೊಡುವ ಎದೆ ನನಗಿರಲಿಲ್ಲ. ಬಳಕೆ ಮಿತಿ ಮೀರಿದರೆ ಆಪರೇಷನ್ ಕೋಣೆಯೂ ಸೇರಿ ಇಡೀ ಆಸ್ಪತ್ರೆಯ ವಿದ್ಯುತ್ ಸಂಪರ್ಕ ತಪ್ಪುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಮಗುವಿನ ಅಜ್ಜಿ ವೆಂಕಟಮ್ಮ ಅಲ್ಲೇ ಕೂತಿದ್ದರು. ಗೌನಿಪಲ್ಲಿ ಕಡೆಯವರು, ಮೂವತ್ತು ವರ್ಷದಿಂದ ಸೆಕೆ ತಾಳದ ರೇಷ್ಮೆಹುಳು ಸಾಕುತ್ತಿದ್ದವರು. ನಾವು ಹಗಲೆಲ್ಲ ಕಿಟಕಿ ತೆರೆದಿಟ್ಟು ಬಿಸಿಗಾಳಿಯನ್ನು ಒಳಗೆ ಕರೆದು ಅದನ್ನೇ ಫ್ಯಾನಿನಲ್ಲಿ ತಿರುಗಿಸುತ್ತಿದ್ದೇವೆ ಎಂದು ಆಕೆ ಹೇಳಿದಾಗ ನನಗೆ ರೇಗಿತು. ಇದು ಹುಳುವಿನ ಮನೆಯಲ್ಲ, ಆಸ್ಪತ್ರೆ ಎಂದೆ.

ಆಕೆ ಸಿಟ್ಟಾಗಲಿಲ್ಲ. "ಹುಳಕ್ಕೆ ಮಾಡೋ ಉಪಚಾರ ನಮ್ಮ ಬುಜ್ಜಿ ಕೂಸಿಗೆ ಮಾಡಬಾರ್ದಾ ಸ್ವಾಮಿ?" ಎಂದರು.

ನಾಚಿಕೆಯಾಯಿತು. ಎರಡು ದಿನ ಅವಕಾಶ ಕೊಡಿ ಎಂದು ಡಾಕ್ಟರಮ್ಮನೂ ಕೇಳಿದರು, ಒಪ್ಪಿದೆ. ವೆಂಕಟಮ್ಮನ ಅಳಿಯ ಮತ್ತು ಉಳಿದ ಬಾಣಂತಿಯರ ಮನೆಯವರು ತಾರಸಿಯ ಮೇಲೆ ಮೊಳದೆತ್ತರ ಬಿಟ್ಟು ತೆಂಗಿನ ಗರಿಯ ಚಪ್ಪರ ಹಾಕಿದರು. ಬಣ್ಣ ಮೆತ್ತಿಕೊಂಡು ಮುಚ್ಚಿಹೋಗಿದ್ದ ಗೋಡೆಯ ಮೇಲಿನ ಗವಾಕ್ಷಿಗಳನ್ನು ನಾನೇ ಕೆತ್ತಿಸಿ ತೆರೆಸಿದೆ. ಸಂಜೆ ತಂಪಾದ ಮೇಲೆ ಕಿಟಕಿಗಳೆಲ್ಲ ತೆರೆ, ಬಿಸಿಲೇರುವ ಮೊದಲೇ ಮುಚ್ಚು. ಗಾಳಿ ಬರುವ ಕಡೆ ಎರಡನ್ನು ಮಾತ್ರ ಬಿಟ್ಟು ಒದ್ದೆ ಗೋಣಿತಟ್ಟು ತೂಗುಹಾಕು. ಇದು ಅವರ ಹುಳುವಿನ ಮನೆಯ ನಿತ್ಯದ ಕೆಲಸ.

ಮೂರನೆಯ ದಿನ ಹನ್ನೆರಡಕ್ಕೆ ಫ್ಯಾನುಗಳನ್ನು ನಾನೇ ಆರಿಸಿದೆ. ಮೂರು ಗಂಟೆಗೆ ಹೊರಗೆ ಥರ್ಮಾಮೀಟರ್ ಮೂವತ್ತೆಂಟು ತೋರಿಸುತ್ತಿತ್ತು. ಫ್ಯಾನು ತಿರುಗುತ್ತಿದ್ದ ಪಕ್ಕದ ಕೋಣೆಯಲ್ಲಿ ಮೂವತ್ತೇಳು. ಹೆರಿಗೆ ವಾರ್ಡಿನಲ್ಲಿ ಮೂವತ್ತೆರಡು. ಥರ್ಮಾಮೀಟರ್ ಕೆಟ್ಟಿದೆಯೆಂದುಕೊಂಡು ಬೇರೆಯದನ್ನು ತರಿಸಿದೆ. ಅದೂ ಮೂವತ್ತೆರಡೇ ಎಂದಿತು. ನಾಲ್ಕು ವರ್ಷ ಕಾಲೇಜಿನಲ್ಲಿ ಶಾಖದ ಪಾಠ ಓದಿದ ನಾನು, ಒಂದು ಯೂನಿಟ್ ಕರೆಂಟೂ ಸುಡದೆ ಐದು ಡಿಗ್ರಿ ಇಳಿಸಿದ ಆ ಹೆಂಗಸಿನ ಮುಂದೆ ಬಾಯಿ ಕಳೆದು ನಿಂತಿದ್ದೆ. ಅಂಥ ಬೆರಗು ಆಮೇಲೆ ನನ್ನ ನೌಕರಿಯಲ್ಲಿ ಮತ್ತೆ ಆಗಲಿಲ್ಲ.

ವೆಂಕಟಮ್ಮ ಥರ್ಮಾಮೀಟರನ್ನು ನೋಡಲೇ ಇಲ್ಲ. ಮೊಮ್ಮಗಳ ಅಂಗಾಲಿಗೆ ತಮ್ಮ ಕೆನ್ನೆ ಒತ್ತಿ ನೋಡಿ, ಮಗಳಿಗೆ ಹಾಲೂಡಿಸಲು ಹೇಳಿದರು. ಮಗು ಒಂದೆರಡು ಸಲ ಮುಖ ತಿರುಗಿಸಿತು. ಆಮೇಲೆ ಬಾಯಿಟ್ಟು ಕುಡಿಯತೊಡಗಿತು. ವಾರ್ಡಿನಲ್ಲಿ ಫ್ಯಾನಿನ ಸದ್ದಿಲ್ಲದ್ದರಿಂದ ಅದು ಚಪ್ಪರಿಸುವುದು ನನಗೂ ಕೇಳಿಸಿತು.

ಮುಂದೆ ನಿವೃತ್ತಿಯವರೆಗೆ ಎಷ್ಟೋ ಕಟ್ಟಡಗಳ ಬಳಕೆ ಇಳಿಸಿದೆ. ಎಲ್ಲಿಗೆ ಹೋದರೂ ಮೀಟರ್ ನೋಡುವ ಮೊದಲು ಅಲ್ಲಿ ಕೂರುವವರನ್ನು, ಮಲಗುವವರನ್ನು, ಕಸ ಗುಡಿಸುವವರನ್ನು ಕೇಳುತ್ತಿದ್ದೆ. ಆ ಮೂರನೆಯ ದಿನ ವಾರ್ಡಿನಲ್ಲಿ ಮಾತ್ರ ಕೇಳಲು ಏನೂ ಉಳಿದಿರಲಿಲ್ಲ. ಗೋಣಿತಟ್ಟು ಒಣಗುತ್ತಿತ್ತು. ವೆಂಕಟಮ್ಮ ಬಕೆಟ್ಟನ್ನು ನನ್ನ ಕಡೆ ತಳ್ಳಿದರು, ನಾನು ನೀರು ತರಲು ಹೋದೆ.