ಒಂದೇ ಮೂಲದ ಮೂರು ದನಿ

ಉಚಿತ ತಂತ್ರಾಂಶಗಳನ್ನು ಜನರಿಗೆ ತಲುಪಿಸುವ ಗೆಳೆಯರ ಬಳಗದಲ್ಲಿ ಆಕೆ 'ಪ್ಯಾಕೇಜ್ ಅಕ್ಕ'. ಹಗಲು ಗ್ರಂಥಾಲಯದ ಕಂಪ್ಯೂಟರ್ ವಿಭಾಗದಲ್ಲಿ ನೌಕರಿ. ಸಂಜೆಯಾದರೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಸಂಬಳವಿಲ್ಲದ ಇನ್ನೊಂದು ಕೆಲಸ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವಿತ್ತು. ಬೇರೆಯವರು ಬರೆದ ಅದರ ಮೂಲ ಕೋಡನ್ನು ತಂದು, ಜನ ಸುಲಭವಾಗಿ ಹಾಕಿಕೊಳ್ಳುವಂತೆ ಪ್ಯಾಕೇಜು ಕಟ್ಟಿಕೊಡುವುದು ಆಕೆಯ ಪಾಲಿಗೆ ಬಂದಿತ್ತು. ಚಿತ್ರ, ಗುಂಡಿಗಳಿರುವ ದೊಡ್ಡ ರೂಪ, ಹಳೆಯ ಯಂತ್ರಗಳಿಗೆ ಸಣ್ಣ ರೂಪ, ಬರೀ ದನಿಯಷ್ಟೇ ಇರುವ ರೂಪ. ಪ್ಯಾಕೇಜನ್ನು ಹೇಗೆ ಕಟ್ಟಬೇಕೆಂದು ಯಂತ್ರಕ್ಕೆ ಹೇಳುವ ಕಡತ ಮೂರಕ್ಕೂ ಬೇರೆ ಬೇರೆ. ಒಂದರಲ್ಲಿ ತಿದ್ದಿದ್ದನ್ನು ಉಳಿದೆರಡರಲ್ಲೂ ತಿದ್ದಬೇಕು. ಅದೇ ಮರೆತುಹೋಗುತ್ತಿತ್ತು.

ಬರೀ ದನಿಯ ರೂಪ ಬಳಸುತ್ತಿದ್ದವನು ಆಕೆಯ ತಮ್ಮ. ಹುಟ್ಟಿನಿಂದಲೇ ಕಣ್ಣು ಕಾಣದವನು. ಅನುವಾದಕ, ಮಾತಿನ ಮಲ್ಲ.

"ಅಕ್ಕಾ, ನಂದು ಮತ್ತೆ ಬಾಯಿ ಮುಚ್ಕೊಂಡು ಕೂತಿದೆ," ಎಂದು ಫೋನ್ ಮಾಡಿದ.

"ಹೋದ ತಿಂಗಳೇ ತಿದ್ದಿದ್ನಲ್ಲೋ!"

"ನೀನು ತಿದ್ದಿದ್ದು ಕಣ್ಣಿರೋರದ್ದನ್ನ. ನಂದಕ್ಕೆ ಯಾವಾಗ್ಲೂ ಮಲತಾಯಿ ಧೋರಣೆ."

ನಗುತ್ತಲೇ ಹೇಳಿದ. ಆಕೆಗೆ ಮಾತ್ರ ಚುರುಕ್ಕೆಂದಿತು. ಮೂರೂ ಕಡತಗಳನ್ನು ಅಕ್ಕಪಕ್ಕ ತೆರೆದು ನೋಡಿದಳು. ಬೇರೆಯಾಗಿದ್ದದ್ದು ಬೆರಳೆಣಿಕೆಯ ಸಾಲುಗಳು, ಮಿಕ್ಕದ್ದೆಲ್ಲ ಒಂದೇ. ಹಾಗಾದರೆ ಕಡತವೂ ಒಂದೇ ಇರಲಿ, ಅದರಿಂದಲೇ ಮೂರೂ ಹೊರಬರಲಿ ಎಂದು ನಿಶ್ಚಯಿಸಿದಳು.

ಬಳಗದ ಹಿರಿಯನನ್ನು ಎಲ್ಲರೂ ತಾತ ಎನ್ನುತ್ತಿದ್ದರು. "ನಡೀತಿರೋದನ್ನ ಯಾಕಮ್ಮ ಕೆದಕ್ತೀಯ?" ಎಂದು ಆತ ಕೇಳಿದ.

"ನಡೀತಿಲ್ಲ ತಾತ, ಕುಂಟ್ತಿದೆ."

ಮೊದಲ ಪ್ರಯತ್ನ ಮಣ್ಣುಮುಕ್ಕಿತು. ಮೂರೂ ಪ್ಯಾಕೇಜುಗಳು ಒಂದೇ ಹೆಸರು ಹೊತ್ತು ಬಂದು, ಕೊನೆಯದು ಮೊದಲೆರಡನ್ನೂ ಅಳಿಸಿಹಾಕಿತು. ಹೆಸರಿನ ಕೊನೆಗೆ ಒಂದೊಂದಕ್ಕೂ ಒಂದು ಗುರುತು ಅಂಟಿಸಿದಳು. ಆಮೇಲೆ ನೋಡಿದರೆ ಬರೀ ದನಿಯ ರೂಪದ ಬೆನ್ನಿಗೆ ಚಿತ್ರ ತೋರಿಸುವ ಸರಂಜಾಮೆಲ್ಲ ಜೋತುಬಿದ್ದಿತ್ತು. ಒಂದೊಂದನ್ನೇ ಎತ್ತಿ, ಇದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವಿಂಗಡಿಸಿದಳು. ಮೇಜು ಖಾಲಿಯಾಗುವ ಲಕ್ಷಣ ಕಾಣದೆ ಗಂಡ ತಟ್ಟೆ ಹಿಡಿದು ನಿಂತೇ ಉಂಡ.

ಒಂದು ಭಾನುವಾರ ಬೆಳಗ್ಗೆ ಪರದೆಯಲ್ಲಿ ಮೂರೂ ಪ್ಯಾಕೇಜುಗಳ ಹೆಸರಿನ ಮುಂದೆ, ಕಟ್ಟಿದ್ದು ಸರಿಯಾಯಿತೆಂಬ ಹಸಿರು ಗುರುತು ಮೂಡಿತು. "ಬಂತು! ಮೂರೂ ಬಂತು!" ಎಂದು ಆಕೆ ಕೂಗಿದ್ದಕ್ಕೆ ಪಕ್ಕದ ಮನೆಯವರು ಯಾರಿಗೋ ತ್ರಿವಳಿ ಮಕ್ಕಳು ಹುಟ್ಟಿದವೇನೋ ಎಂದು ವಿಚಾರಿಸಲು ಬಂದರು.

ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ. ಮೂಲ ಕೋಡಿನಲ್ಲಿ ಹೊಸ ತಿದ್ದುಪಡಿ ಬಂತು. ಆಕೆ ಒಂದೇ ಸಾಲು ಬದಲಾಯಿಸಿದಳು; ಮೂರು ಪ್ಯಾಕೇಜುಗಳೂ ಒಟ್ಟಿಗೆ ಸಿದ್ಧವಾದವು. ಸ್ವಲ್ಪ ಹೊತ್ತಿನಲ್ಲೇ ತಮ್ಮನ ಫೋನು. ಕೇಳಿಸಿದ್ದು ಅವನ ದನಿಯಲ್ಲ, ಅವನ ಯಂತ್ರದ ದನಿ: "ಅಕ್ಕಾ, ಈ ಸಲ ಎಲ್ಲರಿಗಿಂತ ಮೊದಲು ಹಾಕ್ಕೊಂಡೋನು ನಾನೇ." ಹಿಂದೆಯೇ ಅವನ ಗಹಗಹಿಸುವ ನಗು. ಆಕೆಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮಾರನೆಯ ದಿನ ತಾತನೇ ಮಾತಾಡಿದ: "ನನ್ನ ಹತ್ರ ಅಂಥ ಐದು ಕಡತ ಇವೆ ಕಣಮ್ಮ. ಹೇಳಿಕೊಡ್ತೀಯಾ?"

ಈಗ ಬಳಗದ ಪ್ಯಾಕೇಜುಗಳೆಲ್ಲ ಆಕೆ ತೋರಿಸಿದ ದಾರಿಯಲ್ಲೇ ಕಟ್ಟಲ್ಪಡುತ್ತವೆ. ಯಾರಾದರೂ ಕೇಳಿದರೆ ಆಕೆ ಸಂಕೋಚಪಡುವುದಿಲ್ಲ. "ನಾನೇ ಮಾಡಿದ್ದು," ಎನ್ನುತ್ತಾಳೆ, ಎದೆಯುಬ್ಬಿಸಿ.