ಯಾವ ಮನೆ ಸುಕ್ರ?

ಹಳೆಯ ಕಂಪ್ಯೂಟರ್ ಎಸೆಯುವವರನ್ನು ಕಂಡರೆ ನಮ್ಮ ಉಮಾ ಗೌಡಳಿಗೆ ಮೈ ಉರಿಯುತ್ತದೆ. ಅಂಕೋಲೆಯಲ್ಲಿ ಅವಳದು ರಿಪೇರಿ ಅಂಗಡಿ, ಪಕ್ಕದ ಝೆರಾಕ್ಸ್ ಅಂಗಡಿ ನನ್ನದು. ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶದಲ್ಲಿ ಬೇಕಾದಷ್ಟನ್ನೇ ಉಳಿಸಿಕೊಂಡು, ಕನ್ನಡ ಕೀಲಿಮಣೆ ಕೂರಿಸಿ ತನ್ನದೇ ಒಂದು ವ್ಯವಸ್ಥೆ ಕಟ್ಟಿದಳು. ನಮ್ಮೂರ ಮಾವಿನ ಹೆಸರನ್ನೇ ಇಟ್ಟಳು: ‘ಇಶಾಡ’. ಒಂದೇ ತಾಯಿಮರದಿಂದ ಕಸಿ ಕಟ್ಟಿದ ಹಾಗೆ, ಹಾರವಾಡದಿಂದ ಕಾರವಾರದವರೆಗಿನ ಮುದಿ ಯಂತ್ರಗಳಿಗೆಲ್ಲ ಅದನ್ನೇ ಹಾಕಿದಳು. ಅಂಗಡಿಯಲ್ಲಿ ಕೂತೇ ಎಲ್ಲಕ್ಕೂ ಅಪ್‌ಡೇಟ್ ಕಳಿಸುತ್ತಿದ್ದಳು.

ಯಂತ್ರ ಶುರುವಾದರೆ ಅವಳ ಅಜ್ಜ ಸುಕ್ರ ಗೌಡರ ದನಿ ಬರುತ್ತಿತ್ತು: “ಬಂದ್ಯಾ ಮಗಾ? ಕೂತ್ಕ.” ಅಜ್ಜ ತೀರಿಕೊಂಡ ಮೇಲೆ ಅವರ ದನಿಯೆಂದು ಉಳಿದದ್ದು ಅಷ್ಟೇ.

ಕಾರವಾರದಲ್ಲಿ ಹೊಲಿಗೆ ಕೇಂದ್ರ ನಡೆಸುವ ಶಾಂತಾರಾಮರಿಗೆ ಅದು ಹಿಡಿಸಲಿಲ್ಲ. “ಇದೇನು ಆಫೀಸೋ, ನಿಮ್ಮನೆ ಜಗ್ಲಿಯೋ?” ಎಂದರು. ನಾನಾಗಿದ್ದರೆ ಜಗಲಿಯೇ ಎನ್ನುತ್ತಿದ್ದೆ. ಉಮಾ ಸಂಕೋಚದವಳು, ಮುಂದಿನ ಅಪ್‌ಡೇಟಿನಲ್ಲಿ ಎಲ್ಲ ಕಡೆಯಿಂದ ದನಿ ತೆಗೆದುಬಿಟ್ಟಳು. ಮೂಲ ಧ್ವನಿಯನ್ನೂ ಇಶಾಡದ ಹಳೆಯ ಆವೃತ್ತಿಗಳನ್ನೂ ಹಾರವಾಡ ವಾಚನಾಲಯದ ಯಂತ್ರದಲ್ಲಿ ಇಟ್ಟಳು. ಅದರಲ್ಲಿ ಜಾಗ ಹೆಚ್ಚಿತ್ತು.

ಅವಳ ಹಾಲಕ್ಕಿ ಜನರಲ್ಲಿ ಹುಟ್ಟಿದ ವಾರವೇ ಹೆಸರಾಗುವುದುಂಟು. ಯಂತ್ರಗಳಿಗೂ ಹಾಗೇ ಇಟ್ಟಿದ್ದಳು: ಸೋಮವಾರ ಸಿದ್ಧವಾದದ್ದು ಸೋಮ, ಶುಕ್ರವಾರದ್ದು ಸುಕ್ರ. ಕೇರಿಯಲ್ಲಿ ಸುಕ್ರಾ ಎಂದು ಕೂಗಿದರೆ ನಾಲ್ಕು ಮಂದಿ ತಿರುಗಿ ‘ಯಾವ ಮನೆ ಸುಕ್ರ?’ ಎಂದು ಕೇಳುತ್ತಾರೆ. ಯಂತ್ರ ಕೇಳುವುದಿಲ್ಲ. ಹೊಲಿಗೆ ಕೇಂದ್ರದ ಸುಕ್ರ ಕೆಟ್ಟಾಗ, ಸುಕ್ರನನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕು ಎಂದು ಉಮಾ ಆಜ್ಞೆ ಕೊಟ್ಟಳು. ಓಗೊಟ್ಟದ್ದು ಅಜ್ಜನ ದನಿ ಇದ್ದ ಹಾರವಾಡ ವಾಚನಾಲಯದ ಸುಕ್ರ.

ಬೇರೆ ಪ್ರತಿ ಇಟ್ಟಿರಲಿಲ್ಲವೇ ಎಂದು ಕೇಳಿ ನಾನು ನಾಲಿಗೆ ಕಚ್ಚಿಕೊಂಡೆ. “ನನ್ ಕೈಯಾರೆ ಅಜ್ಜನ್ನ ಅಳಿಸ್ದೆ ಅಕ್ಕಾ,” ಎಂದು ಅವಳು ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತಳು.

ಕಾರವಾರ ಬಂದರಿನ ಬೈತಖೋಲದಲ್ಲಿ ಮೀನು ಮಾರುವ ಹೆಂಗಸರ ಸಂಘದ ಯಂತ್ರ ಬಹಳ ದಿನಗಳಿಂದ ಸುಮ್ಮನಿತ್ತು, ಯಾವ ಆಜ್ಞೆಗೂ ಉತ್ತರವಿಲ್ಲ. ಸತ್ತಿರಬೇಕು, ಬಿಡಿಭಾಗಕ್ಕಾದರೂ ಆದೀತು ಎಂದು ಅದನ್ನು ತರಲು ಹೊರಟಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

“ಸತ್ತಿದ್ಯಾ? ಯಾರ್ ಹೇಳಿದ್ದು?” ಎಂದು ಸಂಘದ ನೀತಾ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿದಳು.

“ಬಂದ್ಯಾ ಮಗಾ? ಕೂತ್ಕ.”

ಉಮಾ ನಿಂತಲ್ಲೇ, ಒದ್ದೆ ನೆಲದ ಮೇಲೆ ಕೂತುಬಿಟ್ಟಳು.

ನೀತಾ ಗಾಬರಿಯಾದಳು. “ಸಿಟ್ಟಾಗ್ಬೇಡ ಉಮಾಬಾಯ್. ಅಪ್‌ಡೇಟ್ ಬಂದ್ರೆ ಅಜ್ಜ ಹೋಗ್ತಾರೆ ಅಂದ್ರು. ಅದ್ಕೇ ನೆಟ್ಟಿನ ವೈರ್ ನಾನೇ ಕಿತ್ತಿಟ್ಟೆ. ಬೆಳಗಾದ್ರೆ ಬುಟ್ಟಿ ಹೊತ್ಕಂಡು ಊರೆಲ್ಲ ತಿರಗ್ತೇವೆ. ನಮ್ಗೆ ಕೂತ್ಕ ಅನ್ನೋರು ಇವ್ರೊಬ್ರೇ.”